ದೊಡ್ಡಳಿಯನ ಅಂಗೈ

ನಮ್ಮ ಬೀದಿಯ ಕೊನೆಯಲ್ಲಿರುವ ವರ್ಕ್‌ಶಾಪಿನಲ್ಲಿ ‘ದೊಡ್ಡಳಿಯಾ’ ಎಂದು ಕೂಗಿದರೆ ಒಬ್ಬರೇ ತಿರುಗಿ ನೋಡುತ್ತಾರೆ, ಅದೂ ಕೂಡಲೇ ಅಲ್ಲ. ಮೊದಲ ಸಲಕ್ಕೆ ಕೇಳಿಸದವರಂತೆ ಇರುತ್ತಾರೆ. ಎರಡನೆಯ ಸಲಕ್ಕೆ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಾರೆ. ಮೂರನೆಯದಕ್ಕೆ “ಯಾರದು?” ಎನ್ನುತ್ತಾರೆ, ಕೂಗಿದವನು ಎರಡು ಮಾರು ದೂರದಲ್ಲೇ ನಿಂತಿದ್ದರೂ. ದೊಡ್ಡ ಮನುಷ್ಯರು ಬೇಗ ಸಿಗಬಾರದು ಎಂಬುದು ಅವರ ಸಿದ್ಧಾಂತ.

ಈ ಬಿರುದು ಬಂದದ್ದು ಮಾವನಿಂದ. ಮಾವ ಅದೇ ವರ್ಕ್‌ಶಾಪಿನ ಲೇತ್ ವಿಭಾಗದಲ್ಲಿ ಮೇಸ್ತ್ರಿಯಾಗಿದ್ದವರು. ಹಿರಿಮಗಳನ್ನು ಕೊಟ್ಟ ಮೇಲೆ ಎಲ್ಲರೆದುರಿಗೆ “ನಮ್ಮ ದೊಡ್ಡಳಿಯಂಗೆ ಚಹಾ ತಗೊಂಡು ಬಾ” ಎನ್ನುತ್ತಿದ್ದರು. ಮಾವ ನಿವೃತ್ತರಾಗಿ ಮಗಳ ಮನೆಯ ಕಿಟಕಿ ಪಕ್ಕದ ಕುರ್ಚಿಗೆ ಬಂದು ಕೂತರು. ಹೆಸರು ಮಾತ್ರ ವರ್ಕ್‌ಶಾಪಿನಲ್ಲೇ ಉಳಿಯಿತು.

ದೊಡ್ಡಳಿಯನ ಕೆಲಸ ಸವೆದ ಲೋಹಕ್ಕೆ ಹೊಸ ಚರ್ಮ ಹೊದಿಸುವುದು. ಪಂಪಿನ ಶಾಫ್ಟು, ಕಾಗದದ ಗಿರಣಿಯ ರೋಲರು, ಹೀಗೆ ಉಜ್ಜಿ ಉಜ್ಜಿ ತೆಳ್ಳಗಾದ ಯಾವುದೇ ಉರುಟು ವಸ್ತು ಅವರ ಮುಂದೆ ಬಂದು ಲೇತಿನ ಮೇಲೆ ತಿರುಗುತ್ತದೆ. ಅವರ ಕೈಯಲ್ಲೊಂದು ಗನ್ನು. ಅದರೊಳಗೆ ವಿದ್ಯುತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ಕಿಡಿಯಾಗಿ ಹಾರುತ್ತಲೇ ಇರುತ್ತದೆ. ಆ ಕಿಡಿಯ ಮೂಲಕ ಗ್ಯಾಸು ನುಗ್ಗಿ, ನೇರಳೆ ಬಿಳುಪಿನ ಒಂದು ನಾಲಿಗೆಯಾಗಿ ಹೊರಗೆ ಬರುತ್ತದೆ. ಭೂಮಿಯ ಮೇಲೆ ಅದರ ಎದುರು ಗಟ್ಟಿಯಾಗಿ ನಿಲ್ಲುವ ಪದಾರ್ಥ ಇಲ್ಲ ಎಂದು ದೊಡ್ಡಳಿಯ ಹೇಳುತ್ತಾರೆ. ತಮ್ಮನ್ನು ಬಿಟ್ಟು ಎಂಬುದು ಅದರಲ್ಲಿ ಅಡಗಿರುತ್ತದೆ. ಆ ನಾಲಿಗೆಯೊಳಕ್ಕೆ ಲೋಹದ್ದೋ ಪಿಂಗಾಣಿಯದೋ ಪುಡಿ ಬಿಟ್ಟರೆ, ರೆಪ್ಪೆ ಬಡಿಯುವುದರೊಳಗೆ ಒಂದೊಂದು ಕಣವೂ ಕರಗಿ ಹನಿಯಾಗಿ, ಹಾರಿ ಹೋಗಿ ರೋಲರಿಗೆ ಬಡಿದು, ಗೋಡೆಗೆಸೆದ ಕೆಸರಿನಂತೆ ಅಪ್ಪಚ್ಚಿಯಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಹನಿಯ ಮೇಲೆ ಹನಿ, ಮೀನಿನ ಹುರುಪೆಯ ಹಾಗೆ. ಕೊನೆಗೆ ಒಂದು ಹೊಸ ಮೈ.

ಇಷ್ಟನ್ನೂ ಅವರು ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯವರಿಗೆ ಒಮ್ಮೆ ಸಾವಕಾಶವಾಗಿ ವಿವರಿಸಿದರು. ಪಕ್ಕದ ಮನೆಯವರು ಎರಡು ಬಸ್ಸು ಬಿಟ್ಟು ಕೇಳಿ, “ಹಂಗಾದ್ರೆ ನಮ್ಮ ಗೇಟಿಗೆ ಒಂದು ಕೋಟು ಪೇಂಟ್ ಹೊಡ್ಕೊಡ್ತೀರಾ?” ಎಂದರು. ಆವತ್ತಿನಿಂದ ದೊಡ್ಡಳಿಯ ಆ ಗೇಟಿನ ಕಡೆ ತಿರುಗಿ ನೋಡಿಲ್ಲ.

ಗನ್ನಿಗಿಂತ ಮುಂಚೆ ಇನ್ನೊಂದು ಕೆಲಸ ಇದೆ. ನುಣುಪಾದ ಲೋಹದ ಮೇಲೆ ಹನಿ ನಿಲ್ಲುವುದಿಲ್ಲ. ಅದಕ್ಕೇ ಮೊದಲು ಗ್ರಿಟ್ಟು ಎಂಬ ಚೂಪಾದ ಗಟ್ಟಿ ಹರಳನ್ನು ಗಾಳಿಯ ಒತ್ತಡದಿಂದ ಹೊಡೆದು ಮೈಯನ್ನೆಲ್ಲ ಒರಟು ಮಾಡಬೇಕು. ಆ ಒರಟುತನವನ್ನು ಹಲ್ಲಿನಿಂದ ಕಚ್ಚಿಕೊಂಡಂತೆ ಹನಿ ಹಿಡಿದು ಕೂರುತ್ತದೆ. ಹರಳು ಹೊಡೆದಾದ ಮೇಲೆ ಆ ಮೈಯನ್ನು ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಅಂಟಿದರೆ ಮುಗಿಯಿತು, ಅಷ್ಟು ಜಾಗದಲ್ಲಿ ಲೇಪನ ಹಿಡಿಯುವುದಿಲ್ಲ. ಇವತ್ತಲ್ಲ ನಾಳೆ ಎದ್ದು ಬರುತ್ತದೆ.

ಈ ನಿಯಮದ ಕಾವಲುಗಾರರು ದೊಡ್ಡಳಿಯ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಬರಿಗೈಯಲ್ಲಿ ಮುಟ್ಟಬೇಡಿ’ ಎಂದು ಬರೆದವರೂ ಅವರೇ. ಶುರುವಿನಲ್ಲಿ ಉತ್ಸಾಹ ಹೆಚ್ಚಾಗಿ, ಕೊನೆಗೆ ಗೋಡೆ ಸಾಲದೆ, ‘ಬೇಡಿ’ ಕಿಟಕಿಯ ಚೌಕಟ್ಟಿಗೆ ಒತ್ತಿಕೊಂಡು ನಿಂತಿದೆ. ಯಾರಾದರೂ ಅಭ್ಯಾಸಬಲದಿಂದ ಬೆರಳು ಚಾಚಿದರೆ ಸಾಕು.

“ಕೈಯಲ್ಲಿ ಎಣ್ಣೆ ಇದೆ.”

“ಈಗ ತಾನೇ ಸೋಪು ಹಾಕಿ ತೊಳ್ಕೊಂಡು ಬಂದೆ ಸಾರ್.”

“ಅದು ಮೈಯಿಂದಾನೇ ಹುಟ್ಟೋ ಎಣ್ಣೆ ಕಣಯ್ಯಾ. ಸತ್ತ ಮೇಲೇ ನಿಲ್ಲೋದು.”

ವರ್ಕ್‌ಶಾಪಿನ ಒಡತಿ ತಂದೆಯಿಂದ ಕೆಲಸ ವಹಿಸಿಕೊಂಡ ಮೊದಲ ದಿನ, ಎಲ್ಲವನ್ನೂ ನೋಡುತ್ತಾ ಬಂದು, ಬೂದಿಬಣ್ಣದ ಒಂದು ಶಾಫ್ಟಿನ ಕಡೆ ಕೈ ಎತ್ತಿದ್ದರು. ದೊಡ್ಡಳಿಯ “ಮೇಡಂ, ಕೈ” ಎಂದರು. ಆಕೆ ಶಾಲೆಯ ಹುಡುಗಿಯ ಹಾಗೆ ಎರಡೂ ಕೈ ಬೆನ್ನಿನ ಹಿಂದೆ ಕಟ್ಟಿಕೊಂಡರು. ಈ ಪ್ರಸಂಗವನ್ನು ದೊಡ್ಡಳಿಯನ ಬಾಯಿಂದ ಕೇಳದವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಬೇಕು.

ಅವರ ಕೈಯ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ಅಗಲವಾದ ಅಂಗೈ, ದಪ್ಪ ಬೆರಳು. ಬಲಗೈಯ ಕಿರುಬೆರಳು ಎಳೆ ವಯಸ್ಸಿನಲ್ಲಿ ಲೇತಿನ ಬೆಲ್ಟಿಗೆ ಸಿಕ್ಕಿ ಮುರಿದು, ಸೊಟ್ಟಗೆ ಕೂಡಿಕೊಂಡು, ಉಳಿದ ಬೆರಳುಗಳ ಜತೆ ಮಾತು ಬಿಟ್ಟಂತೆ ಹೊರಗೆ ಚಾಚಿ ನಿಂತಿದೆ. ಲೋಟ ಹಿಡಿದರೆ ಯಾವುದೋ ಅರಮನೆಯ ಔತಣಕ್ಕೆ ಹೋದವರಂತೆ ಕಾಣುತ್ತಾರೆ. “ಮಾತ್ರೆ ನುಂಗೋವಾಗ್ಲೂ ದೊರೆ ಥರ,” ಎನ್ನುತ್ತಾಳೆ ಹೆಂಡತಿ. ದೊಡ್ಡಳಿಯ ಅದನ್ನು ತಮಾಷೆ ಎಂದುಕೊಂಡಿಲ್ಲ.

ಗನ್ನಿನ ಕೋಣೆಯ ಬಾಗಿಲ ಪಕ್ಕ ಮೂರು ಮೊಳೆ. ಕಪ್ಪು ಗಾಜಿನ ಹೆಲ್ಮೆಟ್ಟುಗಳನ್ನು ನೇತುಹಾಕುವುದು ಅಲ್ಲಿ. ಮೊದಲ ಮೊಳೆ ಅವರದ್ದು. ಎರಡನೆಯದು ಯಾರದ್ದೂ ಅಲ್ಲ. ಮೂರನೆಯದರಲ್ಲಿ ಒಂದು ಕಸಬರಿಕೆ.

ಇಂಥ ನೆಮ್ಮದಿಯ ರಾಜ್ಯಕ್ಕೆ ಷಡ್ಡಕನನ್ನು ಕರೆತಂದವರು ಸ್ವತಃ ದೊಡ್ಡಳಿಯ. ಹೆಂಡತಿಯ ತಂಗಿಯ ಗಂಡ ಕೆಲಸ ಮಾಡುತ್ತಿದ್ದ ನೂಲಿನ ಗಿರಣಿ ಮುಚ್ಚಿತು. ಮಾವ ಕಿಟಕಿಯ ಕಡೆ ನೋಡುತ್ತಾ, “ಚಿಕ್ಕೋರಿಗೂ ಒಂದು ದಾರಿ ಆಗಿದ್ದಿದ್ರೆ...” ಎಂದರು. ದೊಡ್ಡಳಿಯ ಎದೆ ಮುಂದೆ ಮಾಡಿ ಒಡತಿಯ ಬಳಿ ಹೋಗಿ ಒಂದು ಮಾತು ಹಾಕಿದರು. ಹರಳು ಹೊಡೆಯುವ ಕೋಣೆಯಲ್ಲಿ ಜಾಗ ಸಿಕ್ಕಿತು. ವರ್ಕ್‌ಶಾಪಿನಲ್ಲಿ ಅದಕ್ಕಿಂತ ಕೀಳಾದ ಜಾಗ ಇರಲಿಲ್ಲ ಎಂಬುದು ಕೇವಲ ಕಾಕತಾಳೀಯ.

ಹೀಗೆ ಬಂದವನು ಚಿಕ್ಕಳಿಯ. ದಿನವಿಡೀ ತಲೆಗೆ ಚೀಲದಂಥ ಮುಸುಕು ಹಾಕಿಕೊಂಡು ಹರಳು ಹೊಡೆದು, ಸಂಜೆ ಹೊರಬಂದರೆ ನೆತ್ತಿಯಿಂದ ಪಾದದವರೆಗೆ ಒಂದೇ ಬೂದಿಬಣ್ಣ. ಹಲ್ಲು ಬಿಟ್ಟಾಗ ಮಾತ್ರ ಮನುಷ್ಯ ಎಂದು ಗೊತ್ತಾಗುತ್ತಿತ್ತು. ಮೊದಮೊದಲು ದೊಡ್ಡಳಿಯನಿಗೆ ಆ ದೃಶ್ಯ ಹಿತವಾಗಿತ್ತು. ಆಮೇಲೆ ತೊಂದರೆ ಶುರುವಾಯಿತು. ಅವನು ಸುಖವಾಗಿದ್ದ.

ಮುಸುಕಿನೊಳಗೇ ಶಿಳ್ಳೆ ಹಾಕುತ್ತಿದ್ದ. ಡಬ್ಬಿ ತೆರೆದ ಕೂಡಲೇ ಸುತ್ತಲಿನವರಿಗೆಲ್ಲ ಹಂಚುತ್ತಿದ್ದ. ಬೆಂಚಿನ ಮೇಲೆ ತಲೆಯಿಟ್ಟರೆ ಹತ್ತು ಎಣಿಸುವುದರೊಳಗೆ ನಿದ್ದೆ. ವಯಸ್ಸು ನಲವತ್ತು ದಾಟಿದ್ದರೂ ಕೂದಲು ಒಂದೂ ಉದುರಿರಲಿಲ್ಲ, ಅದರಲ್ಲಿ ಅರ್ಧ ಹರಳಿನ ಪುಡಿ ತುಂಬಿದ್ದರೂ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ, ಅದೇ ಬೂದಿಬಣ್ಣದಲ್ಲಿ, ದೊಡ್ಡಳಿಯನ ಮನೆಯ ಬಾಗಿಲಲ್ಲಿ ನಿಂತು ಮಾವನ ಆರೋಗ್ಯ ವಿಚಾರಿಸುತ್ತಿದ್ದ. ದೊಡ್ಡಳಿಯ ಅಷ್ಟು ಹೊತ್ತಿಗೆ ಇನ್ನೂ ವರ್ಕ್‌ಶಾಪಿನ ನಲ್ಲಿಯ ಬಳಿ ಉಗುರು ತಿಕ್ಕಿಕೊಳ್ಳುತ್ತಿದ್ದುದರಿಂದ, ಆ ಭೇಟಿಯ ವರದಿ ಮಾತ್ರ ಅವರಿಗೆ ಸಿಗುತ್ತಿತ್ತು.

“ತಂಗಿ ಗಂಡ ಬಂದಿದ್ದ. ಊಟ ಆದ ಮೇಲೆ ತಟ್ಟೆ ಅವನೇ ತೊಳೀತಾನಂತೆ.”

“ಹರಳು ಹೊಡೆದೂ ಹೊಡೆದೂ ಉಜ್ಜೋ ಚಟ ಹತ್ತಿರಬೇಕು.”

“ಆ ಚಟ ಕೆಲವರಿಗೆ ಯಾಕೆ ಹತ್ತಲ್ವೋ,” ಎಂದು ಹೆಂಡತಿ ಒಳಗೆ ಹೋಗುತ್ತಿದ್ದಳು.

ಬೈಯಲು ಒಂದು ಕಾರಣವನ್ನೂ ಕೊಡದ ಮನುಷ್ಯನನ್ನು ಹೇಗೆ ಸಹಿಸುವುದು? ಗನ್ನಿನ ಸುತ್ತ ತಣ್ಣೀರು ಹರಿಯುವ ಪೈಪು ಇರುತ್ತದೆ; ಒಳಗಿನ ಉರಿಗೆ ಗನ್ನೇ ಕರಗಬಾರದಲ್ಲ. ದೊಡ್ಡಳಿಯನ ಹೊಟ್ಟೆಯೊಳಗೆ ಅಂಥ ವ್ಯವಸ್ಥೆ ಇರಲಿಲ್ಲ.

ಆದರೂ ಗನ್ನು ಗನ್ನೇ, ಹರಳು ಹರಳೇ, ಎಂದು ಒಂದು ಸಮಾಧಾನ ಇತ್ತು. ಅದು ಮುರಿದದ್ದು ಅವರ ಬಲಗಣ್ಣಿಗೆ ಪೊರೆ ಬಂದಾಗ. ಆಪರೇಷನ್ ಆಯಿತು. ಕೆಲವು ವಾರ ಮನೆಯಲ್ಲೇ ಕೂತು, ಮಾವನ ಎದುರು ಕುರ್ಚಿಯಲ್ಲಿ ಇನ್ನೊಬ್ಬ ಮಾವನಂತೆ, ಕಿಟಕಿಯಾಚೆ ನೋಡಿದರು. ಆ ಹೊತ್ತಿಗೆ ಗನ್ನು ಹಿಡಿದವನು ಚಿಕ್ಕಳಿಯ. ವರ್ಷಗಟ್ಟಲೆ ಬಾಗಿಲ ಗಾಜಿನಿಂದ ನೋಡಿ ನೋಡಿ ಕಲಿತಿದ್ದನಂತೆ. ಪಂಪಿನ ಬಿಡಿಭಾಗಗಳ ಒಂದು ರಾಶಿಯನ್ನೇ ಮುಗಿಸಿದ. ಒಂದೂ ವಾಪಸು ಬರಲಿಲ್ಲ.

ದೊಡ್ಡಳಿಯ ಕಪ್ಪು ಕನ್ನಡಕ ಹಾಕಿಕೊಂಡು ಮತ್ತೆ ಕೆಲಸಕ್ಕೆ ಬಂದ ದಿನ ಮೊದಲು ನೋಡಿದ್ದು ಮೊಳೆಯನ್ನು. ಮೊದಲ ಮೊಳೆಯಲ್ಲಿ ಅವರ ಹೆಲ್ಮೆಟ್ಟು ಇತ್ತು, ಧೂಳು ಒರೆಸಿ ಇಟ್ಟದ್ದು. ಎರಡನೆಯದರಲ್ಲಿ ಚಿಕ್ಕಳಿಯನದು. ಮೊದಲ ಮೊಳೆಯನ್ನೇ ಕಸಿದುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು.

“ಧೂಳು ಯಾರು ಒರೆಸಿದ್ದು?”

“ನಾನೇ ಅಣ್ಣಾ. ದಿನಾ ಒರೆಸ್ತಿದ್ದೆ.”

“ನನ್ನ ಕೇಳಿದ್ಯಾ?”

“ಧೂಳು ಒರೆಸೋಕಾ ಅಣ್ಣಾ?”

ದೊಡ್ಡಳಿಯ ಹೆಲ್ಮೆಟ್ಟು ತೆಗೆದು, ತಾವೇ ಇನ್ನೊಮ್ಮೆ ಒರೆಸಿ, ಅದೇ ಮೊಳೆಗೆ ಹಾಕಿದರು.

ಆವತ್ತೇ ಒಡತಿ ಕರೆಸಿದರು. ಕಾಗದದ ಗಿರಣಿಯಿಂದ ಒಂದು ದೊಡ್ಡ ರೋಲರು ಬಂದಿತ್ತು. ಮೂರಾಳು ಉದ್ದ, ಒಂದು ಮರದ ಕಾಂಡದಷ್ಟು ದಪ್ಪ. ಅಷ್ಟು ದೊಡ್ಡ ಕೆಲಸ ಆ ವರ್ಕ್‌ಶಾಪಿಗೆ ಬಂದೇ ಇರಲಿಲ್ಲ.

“ಇದನ್ನ ಚಿಕ್ಕಳಿಯ ಹೊಡೀಲಿ,” ಎಂದರು ಒಡತಿ. “ನಿಮ್ಮ ಕಣ್ಣಿಗೆ ಆ ಬೆಳಕು ಇನ್ನೂ ಆಗಲ್ಲ ಅಂತ ಡಾಕ್ಟರೇ ಹೇಳಿದಾರೆ.”

“ಡಾಕ್ಟರಿಗೆ ಗನ್ನಿನ ವಿಚಾರ ಏನು ಗೊತ್ತು ಮೇಡಂ.”

“ಕಣ್ಣಿನ ವಿಚಾರ ಗೊತ್ತಲ್ವಾ.” ಆಕೆ ಮುಂದುವರಿದರು. “ನೋಡಿ, ಇದೊಂದು ಚೆನ್ನಾಗಿ ಬಂದ್ರೆ ಆ ಗಿರಣಿಯ ರೋಲರೆಲ್ಲ ನಮಗೇ ಬರುತ್ತೆ. ಆಮೇಲೆ ಗನ್ನು ಅವನ ಕೈಯಲ್ಲೇ ಇರ್ಲಿ ಅಂದ್ಕೊಂಡಿದೀನಿ. ನೀವು ಮೇಲ್ವಿಚಾರಣೆ ನೋಡ್ಕೊಳ್ಳಿ. ಕುರ್ಚಿ ಹಾಕಿಸ್ತೀನಿ.”

ಕುರ್ಚಿ. ಮನೆಯಲ್ಲಿ ಒಂದು ಕುರ್ಚಿ, ಇಲ್ಲೊಂದು. ಮನುಷ್ಯನನ್ನು ಕೂರಿಸಿ ಕೂರಿಸಿಯೇ ಮುಗಿಸಬಹುದು ಎಂದು ದೊಡ್ಡಳಿಯನಿಗೆ ಆಗ ಹೊಳೆಯಿತು. ರೋಲರು ಚೆನ್ನಾಗಿ ಬಂದರೆ ಗನ್ನು ಹೋಯಿತು. ಅಷ್ಟು ಸರಳವಾಗಿತ್ತು ಲೆಕ್ಕ.

ಮನೆಗೆ ಬಂದರೆ ಸುದ್ದಿ ಅವರಿಗಿಂತ ಮುಂಚೆಯೇ ಬಂದು ಕಾಲು ಚಾಚಿ ಕೂತಿತ್ತು.

“ದೊಡ್ಡ ರೋಲರಂತೆ,” ಎಂದರು ಮಾವ. “ಚಿಕ್ಕೋರ ಕೈ ಬಲು ಹಗುರ. ನಾನು ಆಗ್ಲೇ ಅಂದ್ಕೊಂಡಿದ್ದೆ.”

“ಆಗ್ಲೇ ಅಂದ್ರೆ ಯಾವಾಗ ಮಾವ?”

“ಮದುವೇಲಿ ಅವರು ಕೈ ಕುಲುಕಿದಾಗ.”

“ನಾನೂ ಕೈ ಕುಲುಕಿದ್ದೆ ನಿಮಗೆ.”

“ಹೌದು, ಜ್ಞಾಪಕ ಇದೆ,” ಎಂದು ಮಾವ ತಮ್ಮ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡರು, ಎಲ್ಲ ಇವೆಯೋ ಎಂಬಂತೆ.

ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ದೊಡ್ಡಳಿಯ ಮಗ್ಗುಲು ಬದಲಿಸುತ್ತಲೇ ಬೆಳಗು ಮಾಡಿದರು.

ಮರುದಿನ ಚಿಕ್ಕಳಿಯ ರೋಲರಿಗೆ ಹರಳೂ ತಾನೇ ಹೊಡೆದ. ಮುಗಿಸಿ, ಗಾಳಿಯಿಂದ ಪುಡಿ ಊದಿ, ಲೇತಿಗೆ ಏರಿಸಿ, ಸ್ವಚ್ಛ ಕಾಗದ ಸುತ್ತಿಟ್ಟ. ಇಂಥ ಮೈ ಬಹಳ ಹೊತ್ತು ಕಾಯಬಾರದು, ತುಕ್ಕು ವಾಸನೆ ಹಿಡಿದು ಬರುತ್ತದೆ. ಅಷ್ಟರಲ್ಲಿ ಗ್ಯಾಸು ಕಡಿಮೆಯಾಗಿದೆ ಎಂದು ಗೊತ್ತಾಗಿ, ಹೊಸ ಸಿಲಿಂಡರು ಉರುಳಿಸಿ ತರಲು ಎಲ್ಲರೂ ಹಿಂದಿನ ಅಂಗಳಕ್ಕೆ ಹೋದರು. ದೊಡ್ಡಳಿಯ ಮೇಲ್ವಿಚಾರಕರಾದ್ದರಿಂದ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ಕಣ್ಣಿಗೆ ಮುಲಾಮು ಹಚ್ಚಿಕೊಂಡರು.

ಆಮೇಲೆ ಎದ್ದರು. ಒಂದು ತಪ್ಪು ಸಿಕ್ಕಿದರೆ ಸಾಕಿತ್ತು. ಒಂದೇ ಒಂದು ಕಡೆ ಹರಳು ಸರಿಯಾಗಿ ತಾಗದೆ ಹೊಳಪು ಉಳಿದಿದ್ದರೆ, ಎಲ್ಲರನ್ನೂ ಕರೆದು, ಬೆರಳು ಚಾಚಿ, ಏನೂ ಮಾತಾಡದೆ ಸುಮ್ಮನೆ ನಿಲ್ಲಬಹುದಿತ್ತು. ಆ ಮೌನವನ್ನು ಅವರು ರಾತ್ರಿಯೇ ಸಿದ್ಧಪಡಿಸಿಟ್ಟಿದ್ದರು. ಕಾಗದ ಸರಿಸಿ ಬಗ್ಗಿದರು. ಮುಲಾಮಿನಿಂದ ಕಣ್ಣು ಮಂಜು. ಎಡಗಣ್ಣಿನಿಂದ ನೋಡಿದರು; ಅದು ಮೊದಲಿನಿಂದಲೂ ಸೋಮಾರಿ. ಕಣ್ಣು ಕೈಕೊಟ್ಟಾಗ ಹಳೆಯ ಕೆಲಸಗಾರ ಏನು ಮಾಡುತ್ತಾನೋ ಅದನ್ನೇ ಮಾಡಿದರು. ಬಲಗೈಯನ್ನು ಇಟ್ಟು ಸವರಿದರು.

ಮೈ ಮಖಮಲ್ಲಿನ ಹಾಗಿತ್ತು. ಎಲ್ಲೂ ಏರಿಲ್ಲ, ಎಲ್ಲೂ ಜಾರಿಲ್ಲ. ಇನ್ನೊಂದಿಷ್ಟು ಒತ್ತಿ ನೋಡಿದರು. ಅಷ್ಟೇ ಚೆನ್ನಾಗಿತ್ತು. ತಮ್ಮ ಒಳ್ಳೆಯ ಕಾಲದಲ್ಲಿ ತಮ್ಮ ಕೈಯಿಂದಲೂ ಇಷ್ಟು ಸಮನಾದ ಮೈ ಬಂದಿತ್ತೇ ಎಂದು ಯೋಚಿಸುತ್ತಾ, ಕೈ ಅಲ್ಲೇ ಇಟ್ಟುಕೊಂಡು ನಿಂತುಬಿಟ್ಟರು. ತಲೆ ಎತ್ತಿದಾಗ ಎದುರಿಗೆ ಗೋಡೆ. ಗೋಡೆಯ ಮೇಲೆ ಕೆಂಪು ಅಕ್ಷರ. ತಮ್ಮದೇ ಬರಹ.

ಕೈ ಕಿತ್ತುಕೊಂಡು ಕಾಗದ ಮುಚ್ಚಿದರು. ಇನ್ನೂ ಏನೂ ಆಗಿರಲಿಲ್ಲ. ‘ಇನ್ನೊಂದು ಸಲ ಹರಳು ಹೊಡೀರಿ, ಕೈ ತಾಗಿದೆ’ ಎಂದರೆ ಒಂದು ಗಂಟೆಯ ಕೆಲಸ. ಯಾರ ಕೈ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳುತ್ತಾರೆ. ಇದೆಲ್ಲದರ ಕೆಳಗೆ ಇನ್ನೊಂದು ಸಣ್ಣ ಯೋಚನೆಯೂ ತಲೆ ಹಾಕಿತು: ಲೇಪನ ಎದ್ದರೆ ಎದ್ದದ್ದು ಚಿಕ್ಕಳಿಯನ ಕೈಯಲ್ಲಿ. ದೊಡ್ಡಳಿಯ ಆ ಯೋಚನೆಯನ್ನು ಓಡಿಸಲಿಲ್ಲ. ಕೂರು ಎಂದೂ ಹೇಳಲಿಲ್ಲ.

ಸಿಲಿಂಡರು ಬಂತು. ಚಿಕ್ಕಳಿಯ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದ.

“ಅಣ್ಣಾ, ಶುರು ಮಾಡೋ ಮುಂಚೆ ಒಂದು ಸಲ ನೋಡ್ಬಿಡಿ. ಮೈ ಸರಿ ಇದೆಯಾ?”

“ನೋಡ್ದೆ.”

“ಹೆಂಗಿದೆ?”

“ಸರಿ ಇದೆ.”

ಚಿಕ್ಕಳಿಯ ಬೂದಿ ಮುಖದಲ್ಲಿ ಹಲ್ಲು ಬಿಟ್ಟ. “ನೀವು ನನ್ನ ಕೆಲಸಾನ ಸರಿ ಇದೆ ಅಂದದ್ದು ಇದೇ ಮೊದ್ಲು ಅಣ್ಣಾ. ಮನೇಲಿ ಹೇಳ್ತೀನಿ.”

ಗನ್ನು ಹೊತ್ತಿತು. ಕಣ್ಣಿಗೆ ಆ ಬೆಳಕು ಬೀಳಬಾರದೆಂದು ದೊಡ್ಡಳಿಯ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಬೆಳಕು ಎದುರಿನ ಗೋಡೆಯ ಮೇಲೆ ಅವರ ನೆರಳನ್ನು ಬರೆದಿತ್ತು. ನೋಡಲಾಗದಿದ್ದರೂ ಕೇಳಬಹುದಲ್ಲ. ಗನ್ನು ಚರಚರನೆ ಸೀಳಿಕೊಂಡು ಕೂಗುತ್ತದೆ. ಕೈ ಒಂದಿಷ್ಟು ಹತ್ತಿರ ಹೋದರೂ ದೂರವಾದರೂ ಸ್ವರ ಏರಿಳಿಯುತ್ತದೆ. ಏರಲಿ ಎಂದು ಕಾದರು. ಒಂದೇ ಸ್ವರ, ಉದ್ದಕ್ಕೆ, ದಾರ ಹಿಡಿದು ಎಳೆದ ಹಾಗೆ. ಕೋಟ್ಯಂತರ ಹನಿಗಳು ಒಂದರ ಹಿಂದೊಂದು ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿರುವುದು ಅವರಿಗೆ ಬೆನ್ನಿನಲ್ಲೇ ಕಾಣುತ್ತಿತ್ತು. ಒಂದು ಕಡೆ ಮಾತ್ರ ಕೂರಲು ಹೋಗಿ, ಹಿಡಿಯಲು ಏನೂ ಸಿಗದೆ, ಸುಮ್ಮನೆ ಪಕ್ಕದ ಹನಿಯ ಭುಜ ಹಿಡಿದು ನಿಂತಿವೆ ಎಂಬುದೂ ಕಾಣುತ್ತಿತ್ತು. ನಿಲ್ಲಿಸುವ ಕೆಂಪು ಗುಂಡಿ ಕೈಗೆಟುಕುವಷ್ಟು ದೂರದಲ್ಲಿತ್ತು. ಕೈ ಜೇಬಿನಲ್ಲೇ ಇತ್ತು.

ಸಂಜೆ ರೋಲರು ತಣ್ಣಗಾಗುವಾಗ ‘ಟಿಕ್’ ಎಂದು ಒಂದು ಸಣ್ಣ ಸದ್ದಾಯಿತು. ಕೇಳಿಸಿದ್ದು ಒಬ್ಬರಿಗೆ ಮಾತ್ರ, ಕಾಯುತ್ತಿದ್ದವರು ಅವರೊಬ್ಬರೇ.

ಬೆಳಿಗ್ಗೆ ಗ್ರೈಂಡಿಂಗ್, ಲೇಪನವನ್ನು ಚಕ್ರಕ್ಕೆ ಕೊಟ್ಟು ನುಣುಪು ಮಾಡುವುದು. ಅದನ್ನು ಮಾಡುವವನಿಗೆ ವರ್ಕ್‌ಶಾಪಿನಲ್ಲಿ ಸಾಣೆ ಎಂದೇ ಹೆಸರು. ಅವನ ಚಕ್ರಕ್ಕಿಂತ ನಾಲಿಗೆ ಹೆಚ್ಚು ಹರಿತ. ಚಕ್ರ ತಾಗಿ ಸ್ವಲ್ಪ ಹೊತ್ತಿಗೆ ಒಂದು ಚಕ್ಕೆ ಹಾರಿತು. ಆಮೇಲೆ ಇನ್ನೊಂದು. ಸಾಣೆ ಯಂತ್ರ ನಿಲ್ಲಿಸಿ, ನೀರು ಒರೆಸಿ, ಬಗ್ಗಿ ನೋಡಿ, ನೆಟ್ಟಗಾದ. ಮತ್ತೆ ಬಗ್ಗಿ ನೋಡಿದ.

“ಮೇಡಂನ ಕರೀರಿ,” ಎಂದ. “ಎಲ್ಲಾರೂ ಬನ್ನಿ. ನೋಡೋ ಹಂಗಿದೆ.”

ರೋಲರಿನ ನಟ್ಟನಡುವೆ ಲೇಪನ ಕಿತ್ತುಹೋಗಿತ್ತು. ಅಗಲವಾದ ಒಂದು ಅಂಗೈ. ಹೆಬ್ಬೆರಳು, ಮೂರು ದಪ್ಪ ಬೆರಳು, ಆಮೇಲೆ ಉಳಿದವರ ಜತೆ ಮಾತು ಬಿಟ್ಟಂತೆ ಅತ್ತ ಚಾಚಿಕೊಂಡ ಒಂದು ಸೊಟ್ಟ ಕಿರುಬೆರಳು. ರೇಖೆ ನೋಡಿ ಭವಿಷ್ಯ ಹೇಳಬಹುದಿತ್ತು, ಅಷ್ಟು ಸ್ಪಷ್ಟ.

ಒಬ್ಬ ಸೂರು ನೋಡಿದ, ಇನ್ನೊಬ್ಬ ತನ್ನ ಬೂಟು ನೋಡಿಕೊಂಡ. ದೊಡ್ಡಳಿಯ ಆಗ ಚಹಾ ಕುಡಿಯುತ್ತಿದ್ದರು. ಲೋಟ ಅರ್ಧ ಎತ್ತಿದ್ದ ಕೈ ಹಾಗೇ ನಿಂತಿತ್ತು, ಕಿರುಬೆರಳು ಅರಮನೆಯ ಔತಣದಲ್ಲಿತ್ತು.

“ಯಾರ ಕೈ ಇದು?” ಎಂದರು ಒಡತಿ.

“ನಂಗೆ ಗೊತ್ತಿಲ್ಲ ಮೇಡಂ,” ಎಂದ ಸಾಣೆ, ಲೋಟವನ್ನೇ ನೋಡುತ್ತಾ. “ನಾನು ಜನರ ಕೈನೆಲ್ಲ ಅಷ್ಟಾಗಿ ಗಮನಿಸಲ್ಲ. ಯಾರೋ ದೊಡ್ಡ ಮನುಷ್ಯರದ್ದೇ ಇರಬೇಕು, ಅಗಲ ನೋಡಿದ್ರೆ.”

ಚಿಕ್ಕಳಿಯ ರೋಲರನ್ನು ನೋಡಿದ. ಅಣ್ಣನನ್ನು ನೋಡಿದ. ಅವನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ‘ಸರಿ ಇದೆ’ ಎಂದದ್ದು ನೆನಪಾಗಿರಬೇಕು. ಆಮೇಲೆ ಮುಂದೆ ಬಂದ.

“ನಂದೇ ಮೇಡಂ. ಕಾಗದ ಸುತ್ತೋವಾಗ ಗ್ಲೌಸು ಜಾರಿತ್ತು. ಆತುರದಲ್ಲಿ ಗಮನಿಸ್ಲಿಲ್ಲ.”

ಸಾಲದ್ದಕ್ಕೆ ಬಲಗೈಯನ್ನು ಎತ್ತಿ ತೋರಿಸಿದ. ಕಿರುಬೆರಳನ್ನು ಕಷ್ಟಪಟ್ಟು ಹೊರಗೆ ಚಾಚಿ ಹಿಡಿದಿದ್ದ, ಅದು ನಡುಗುತ್ತಿತ್ತು. ನೋಡಿದವರ ಮುಖವೆಲ್ಲ ಒಂದು ಥರ ಮೆತ್ತಗಾಯಿತು. ಸಾಣೆ ಕೂಡ ಬಾಯಿ ಮುಚ್ಚಿಕೊಂಡ. ಒಡತಿ ನಿಟ್ಟುಸಿರು ಬಿಟ್ಟು, “ಹೋಗ್ಲಿ ಬಿಡಪ್ಪಾ, ಹೇಳಿದ್ಯಲ್ಲ,” ಎಂದರು, ಆಕೆ ಯಾರೊಂದಿಗೂ ಬಳಸದ ಒಂದು ಧ್ವನಿಯಲ್ಲಿ.

ದೊಡ್ಡಳಿಯ ಬಚಾವಾಗಿದ್ದರು. ಲೋಟ ಎತ್ತಿ ಉಳಿದ ಚಹಾ ಮುಗಿಸಿದ್ದರೆ ಆಗುತ್ತಿತ್ತು. ಆದರೆ ಆ ಧ್ವನಿ ಅವರಿಗೆ ಕೇಳಿಸಿಬಿಟ್ಟಿತ್ತು. ತಟ್ಟೆ ತೊಳೆಯುವುದರಲ್ಲಿ ಅವನು ಮುಂದೆ. ನಿದ್ದೆಯಲ್ಲಿ ಮುಂದೆ, ಕೂದಲಿನಲ್ಲಿ ಮುಂದೆ, ಗನ್ನಿನಲ್ಲಿ ಮುಂದೆ. ಈಗ ತಾವೇ ಸ್ವಂತ ಕೈಯಿಂದ ಮಾಡಿದ ತಪ್ಪಿನಲ್ಲೂ ಅವನೇ ಮುಂದೆ ಬಂದು ನಿಂತು ಒಳ್ಳೆಯವನೆನಿಸಿಕೊಳ್ಳುವುದೇ?

“ಅವನ ಬೆರಳು ಅಷ್ಟು ಆಚೆ ಹೋಗಲ್ಲ ಮೇಡಂ,” ಎಂದರು.

ಎಲ್ಲರೂ ತಿರುಗಿದರು.

“ನೋಡಿ ಬೇಕಾದ್ರೆ, ನಡುಗ್ತಿದೆ. ಮತ್ತೆ ಅಂಗೈ ಇಷ್ಟಗಲ ಎಲ್ಲಿದೆ ಅವನಿಗೆ? ಮಕ್ಕಳ ಕೈ ಇದ್ದ ಹಂಗಿದೆ.” ಲೋಟವನ್ನು ಸಾಣೆಯ ಕೈಗೆ ಕೊಟ್ಟು, ರೋಲರಿನ ಬಳಿ ಹೋಗಿ, ಬಲಗೈಯನ್ನು ಆ ಗುರುತಿನ ಮೇಲೆ ಇಟ್ಟರು. ಡಬ್ಬಿಗೆ ಅದರದೇ ಮುಚ್ಚಳ ಕೂತಂತೆ ಕೂತಿತು. “ಇದು ನಂದು,” ಎಂದರು. ಆ ಮಾತಿನಲ್ಲಿ ಒಂದು ಹಿಡಿಯಷ್ಟು ಹೆಮ್ಮೆಯೂ ಇದ್ದದ್ದನ್ನು ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ.

“ಅಣ್ಣಾ, ಸುಮ್ನಿರಿ,” ಎಂದ ಚಿಕ್ಕಳಿಯ ಮೆಲ್ಲಗೆ.

“ನೀನು ಸುಮ್ನಿರು. ಎಲ್ಲಾದ್ರಲ್ಲೂ ಕೈ ಹಾಕ್ತಾನೆ.”

ಒಡತಿ ಗೋಡೆಯ ಬರಹವನ್ನು ಒಮ್ಮೆ ನೋಡಿದರು. ಕೈ ಬೆನ್ನಿನ ಹಿಂದೆ ಕಟ್ಟಿಕೊಂಡ ಆ ದಿನ ಆಕೆಗೂ ನೆನಪಿದ್ದಿರಬೇಕು. “ಯಾಕೆ ಮುಟ್ಟಿದ್ರಿ?” ಎಂದರು.

“ತಪ್ಪು ಹುಡುಕೋಕೆ.”

“ಸಿಕ್ತಾ?”

ದೊಡ್ಡಳಿಯ ಕೈ ಎತ್ತಿ, ಅದನ್ನು ಪ್ಯಾಂಟಿಗೆ ಒರೆಸಿಕೊಂಡು, ರೋಲರಿಗೆ ಹೇಳುವಂತೆ ಹೇಳಿದರು. “ಇಲ್ಲ. ಚೆನ್ನಾಗಿತ್ತು. ನಂದಕ್ಕಿಂತ.”

ಸಾಣೆ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ.

ಒಡತಿಯ ತೀರ್ಪು ಚಿಕ್ಕದಾಗಿತ್ತು. ಇದ್ದ ಲೇಪನವನ್ನೆಲ್ಲ ತೆಗೆಯಬೇಕು, ಮತ್ತೆ ಹರಳು ಹೊಡೆಯಬೇಕು, ಮತ್ತೆ ಗನ್ನು. ಗನ್ನು ಚಿಕ್ಕಳಿಯನದು, ಇವತ್ತಿನಿಂದ ಅದರಲ್ಲಿ ಎರಡು ಮಾತಿಲ್ಲ. ಹರಳು?

“ಹರಳಿಗೆ ಜನ ಬೇಕಲ್ಲ ಮೇಡಂ,” ಎಂದ ಸಾಣೆ. ಅವನು ಬೇರೇನೋ ಸೇರಿಸಲಿದ್ದ. ಒಡತಿ ನೋಡಿದ ನೋಟಕ್ಕೆ ನುಂಗಿಕೊಂಡ.

“ನಾನು ಹೊಡೀತೀನಿ,” ಎಂದರು ದೊಡ್ಡಳಿಯ. “ಅಲ್ಲಿ ಬೆಳಕು ಇಲ್ಲ. ಕಣ್ಣಿಗೇನೂ ಆಗಲ್ಲ. ಕುರ್ಚಿ ವಾಪಸು ತಗೊಂಡು ಹೋಗ್ಲಿ.”

ಚಿಕ್ಕಳಿಯ ಮುಸುಕು ತಂದುಕೊಟ್ಟ. ಕುತ್ತಿಗೆಯ ದಾರ ಹೇಗೆ ಬಿಗಿಯಬೇಕು, ಪೈಪನ್ನು ಯಾವ ಕಂಕುಳಲ್ಲಿ ಇಟ್ಟುಕೊಂಡರೆ ತೋಳು ನೋಯುವುದಿಲ್ಲ ಎಂದು ಹೇಳಿದ. ದೊಡ್ಡಳಿಯ “ಗೊತ್ತು, ಗೊತ್ತು” ಎನ್ನುತ್ತಲೇ ಅವನು ಹೇಳಿದ ಹಾಗೇ ಮಾಡಿದರು. ದಿನವಿಡೀ ಒಳಗಿದ್ದರು. ಒಳಗಿನಿಂದ ಶಿಳ್ಳೆಯೇನೂ ಕೇಳಿಸಲಿಲ್ಲ. ಬೈಗುಳ ಕೇಳಿಸಿತು ಎಂದು ಸಾಣೆ ಹೇಳುತ್ತಾನೆ, ಅದು ಹರಳಿಗೋ ಇನ್ನಾರಿಗೋ ಎಂಬುದು ಸ್ಪಷ್ಟವಾಗಲಿಲ್ಲವಂತೆ. ಹೊರಬಂದಾಗ ಚಿಕ್ಕಳಿಯ ಗ್ಲೌಸು ತೊಟ್ಟ ಕೈಗಳನ್ನು ಹಿಂದೆ ಕಟ್ಟಿಕೊಂಡು, ಕಣ್ಣಿನಲ್ಲಷ್ಟೇ ರೋಲರನ್ನು ಈ ತುದಿಯಿಂದ ಆ ತುದಿಗೆ ಪರೀಕ್ಷಿಸಿದ.

“ಆ ತುದೀಲಿ ಸ್ವಲ್ಪ ಹೊಳಪು ಉಳಿದಿದೆ ಅಣ್ಣಾ. ಇನ್ನೊಂದು ಸಲ ಹೊಡೀಬೇಕು.”

ದೊಡ್ಡಳಿಯ ಮತ್ತೆ ಒಳಗೆ ಹೋದರು.

ಸಂಜೆ ಹೊರಡುವ ಮುಂಚೆ ಮೊದಲ ಮೊಳೆಯಿಂದ ತಮ್ಮ ಹೆಲ್ಮೆಟ್ಟು ತೆಗೆದು, ಮೂರನೆಯದರಿಂದ ಕಸಬರಿಕೆ ಇಳಿಸಿ, ಅಲ್ಲಿ ನೇತುಹಾಕಿದರು. ನಲ್ಲಿಯ ಬಳಿ ಉಗುರು ತಿಕ್ಕುವ ಶಕ್ತಿ ಇರಲಿಲ್ಲ. ಹಾಗೇ ಮನೆಯ ದಾರಿ ಹಿಡಿದರು, ನೆತ್ತಿಯಿಂದ ಪಾದದವರೆಗೆ ಬೂದಿಬಣ್ಣವಾಗಿ. ಪಕ್ಕದ ಮನೆಯವರು ಗೇಟಿನ ಬಳಿಯೇ ಇದ್ದರು, ಗುರುತು ಹಿಡಿಯಲಿಲ್ಲ.

ಹೆಂಡತಿ ಬಾಗಿಲು ತೆರೆದವಳು ಬೂದಿಬಣ್ಣ ನೋಡಿದ್ದೇ ತಡ, “ಬಾಪ್ಪಾ, ಬಾ,” ಎಂದು ಪಕ್ಕಕ್ಕೆ ಸರಿದಳು. “ಇವತ್ತು ಯಾಕೆ ಇಷ್ಟು ಸೋತು ಹೋಗಿದೀಯಾ? ಕೂತ್ಕೋ, ಚಹಾ ತರ್ತೀನಿ. ಅವರು ಇನ್ನೂ ಬಂದಿಲ್ಲ, ಉಗುರು ತೊಳೀತಿರಬೇಕು,” ಎಂದು ಒಳಗೆ ಹೋದಳು.

ಅಷ್ಟು ಮೆತ್ತಗಿನ ಮಾತು ಆ ಮನೆಯಲ್ಲಿದೆ ಎಂದೇ ದೊಡ್ಡಳಿಯನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕಿತ್ತು. ಕೂತರು. 

ಕಿಟಕಿ ಪಕ್ಕದಿಂದ ಮಾವ, “ಏನು ಚಿಕ್ಕೋರೇ, ರೋಲರು ಹೆಂಗೆ ಬಂತು?” ಎಂದರು.

ದೊಡ್ಡಳಿಯ ಗಂಟಲು ಸರಿಮಾಡಿಕೊಂಡು “ಹ್ಞೂಂ” ಎಂದರು, ಅಷ್ಟೇ.

ಚಹಾ ಬಂತು. ಬಿಸಿಯಾಗಿತ್ತು. ಸಕ್ಕರೆ ಸರಿಯಾಗಿತ್ತು. ಲೋಟ ಎತ್ತಿದರು. ಕಿರುಬೆರಳು ತನ್ನ ಪಾಡಿಗೆ ತಾನು ಹೊರಗೆ ಚಾಚಿತು.

ಹೆಂಡತಿ ಬೆರಳು ನೋಡಿದಳು. ಮುಖ ನೋಡಿದಳು. “ಅಯ್ಯೋ, ನೀವಾ,” ಎಂದಳು. ಧ್ವನಿ ತನ್ನ ಎಂದಿನ ಜಾಗಕ್ಕೆ ವಾಪಸು ಬಂತು. “ಇದೇನು ಅವತಾರ?”

“ಅವನಿಗೆ ದಿನಾ ಇಂಥ ಚಹಾನೇ ಕೊಡ್ತೀಯಾ?”

“ಕೊಟ್ಟಾಗ ಅವನು ಚೆನ್ನಾಗಿದೆ ಅಂತಾನೆ.”

ದೊಡ್ಡಳಿಯ ಲೋಟವನ್ನು ತಳದವರೆಗೆ ಖಾಲಿ ಮಾಡಿದರು. ಒಂದು ದಿನಕ್ಕೆ ಎರಡು ಸಲ ಆ ಮಾತು ಹೇಳುವುದು ಯಾವ ಮನುಷ್ಯನಿಗೂ ಸುಲಭವಲ್ಲ.

“ಚೆನ್ನಾಗಿದೆ,” ಎಂದರು ಕೊನೆಗೆ. “ಇನ್ನೊಂದು ಲೋಟ ಇದ್ರೆ ಕೊಡು.”